ಕುರುವಾಯಿಯೂ ಕೆಂಪುಮೂತಿಯೂ: ತೆಂಗಿನ ಎರಡು ದುಂಬಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಮನೆ ಅಂದ ಮೇಲೆ ಬಾವಿಕಟ್ಟೆಯ ಹತ್ತಿರ ಒಂದೆರಡು ತೆಂಗಿನ ಮರ ಇದ್ದೇ ಇರುತ್ತದೆ. ಮರಕ್ಕೆ ಏನಾದರೂ ಆದರೆ "ಹುಳ ಬಿದ್ದಿದೆ" ಅಂತ ಹೇಳಿ ಬಿಡುತ್ತೇವೆ. ಯಾವ ಹುಳ ಅಂತ ಕೇಳುವವರು ಕಡಿಮೆ. ಆದರೆ ಮರ ಉಳಿಯುತ್ತದೋ ಇಲ್ಲವೋ ಅನ್ನುವುದು ಆ ಒಂದು ಪ್ರಶ್ನೆಯ ಮೇಲೆಯೇ ನಿಂತಿದೆ. ನಮ್ಮ ತೆಂಗನ್ನು ಹೆಚ್ಚಾಗಿ ಕಾಡುವ ದುಂಬಿಗಳು ಎರಡು: ಕುರುವಾಯಿ ಮತ್ತು ಕೆಂಪುಮೂತಿ ಹುಳ. ಎರಡೂ ದುಂಬಿಗಳೇ, ಎರಡೂ ತೆಂಗಿಗೇ ಬರುತ್ತವೆ. ಆದರೆ ಇವುಗಳ ಹುಟ್ಟು, ಊಟ, ವಾಸ ಎಲ್ಲವೂ ಬೇರೆ ಬೇರೆ.

ಎರಡನ್ನೂ ನೋಡಿ ಗುರುತಿಸುವುದು ಹೇಗೆ?

ಕುರುವಾಯಿ ಕಪ್ಪು ಅಥವಾ ಕಡು ಕಂದು ಬಣ್ಣದ ದಪ್ಪ ದುಂಬಿ. ಉದ್ದ ಸುಮಾರು 35ರಿಂದ 50 ಮಿಲಿಮೀಟರ್. ತಲೆಯ ಮೇಲೆ ಹಿಂದಕ್ಕೆ ಬಾಗಿದ ಒಂದು ಕೊಂಬು. ರೈನೋಸರಸ್ ದುಂಬಿ ಅಂತ ಕೃಷಿ ಇಲಾಖೆಯವರು ಹೇಳುವುದು ಇದನ್ನೇ. ಗಂಡಿನ ಕೊಂಬು ಸಾಮಾನ್ಯವಾಗಿ ಉದ್ದ, ಹೆಣ್ಣಿನದು ಗಿಡ್ಡ. ಕೊಂಬು ನೋಡಿ ಅನುಮಾನ ಬಂದರೆ ತಿರುಗಿಸಿ ಹಿಂಬದಿಯ ತುದಿ ನೋಡಿ. ಅಲ್ಲಿ ಕೆಂಗಂದು ಕೂದಲು ದಟ್ಟವಾಗಿ ಇದ್ದರೆ ಅದು ಹೆಣ್ಣು. ವಿಜ್ಞಾನದ ಹೆಸರು ಓರಿಕ್ಟಿಸ್ ರೈನೋಸೆರಸ್.

ಕೆಂಪುಮೂತಿ ಸ್ವಲ್ಪ ಸಣ್ಣದು, ತೆಳ್ಳಗಿನದು. ತುಕ್ಕು ಹಿಡಿದ ಕಬ್ಬಿಣದ ಕೆಂಪು ಬಣ್ಣ, ಬೆನ್ನ ಮುಂಭಾಗದಲ್ಲಿ ಕಪ್ಪು ಚುಕ್ಕೆಗಳು. ಮುಖದಿಂದ ಮುಂದಕ್ಕೆ ಚಾಚಿದ ಉದ್ದ, ಬಾಗಿದ ಮೂತಿ. ಗಂಡಿನ ಮೂತಿಯ ಮೇಲೆ ಸಣ್ಣ ಕೂದಲಿನ ಸಾಲು ಇರುತ್ತದೆ, ಹೆಣ್ಣಿನ ಮೂತಿ ನುಣುಪು. ಅಕ್ಕಿಯಲ್ಲಿ ಬರುವ ಮೂತಿಹುಳವೂ ಸೊಂಡಿಲಿರುವ ದುಂಬಿಗಳ ಇದೇ ದೊಡ್ಡ ಬಳಗಕ್ಕೆ ಸೇರಿದ್ದು. ಇದರ ಹೆಸರು ರಿಂಕೋಫೋರಸ್ ಫೆರುಜಿನಿಯಸ್.

ಎರಡೂ ಎಲ್ಲಿ ಹುಟ್ಟಿ ಬೆಳೆಯುತ್ತವೆ?

ಎಲ್ಲ ವ್ಯತ್ಯಾಸದ ಮೂಲ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಕುರುವಾಯಿ ಬೆಳೆಯುವುದು ಜೀವಂತ ತೆಂಗಿನ ಮರದಲ್ಲಿ ಅಲ್ಲ. ಹೆಣ್ಣು ಮೊಟ್ಟೆ ಇಡುವುದು ಹಟ್ಟಿ ಗೊಬ್ಬರದ ಗುಂಡಿಯಲ್ಲಿ, ಕೊಳೆತ ತರಗೆಲೆ ರಾಶಿಯಲ್ಲಿ, ಮರದ ಹುಡಿ ಬಿದ್ದಲ್ಲಿ, ಸತ್ತು ನಿಂತ ತೆಂಗಿನ ಕಾಂಡದಲ್ಲಿ. ಮೊಟ್ಟೆ ಒಡೆದು ಬರುವ ಮರಿಗಳು ಅಲ್ಲೇ ಕೊಳೆತದ್ದನ್ನು ತಿಂದು ದೊಡ್ಡವಾಗುತ್ತವೆ. ಮೊಟ್ಟೆಯಿಂದ ದುಂಬಿಯಾಗಿ ಹೊರಬರುವುದಕ್ಕೆ ಸುಮಾರು 4ರಿಂದ 6 ತಿಂಗಳು ಬೇಕು. ಅಷ್ಟು ಕಾಲ ಅದು ತೆಂಗಿಗೆ ಏನೂ ಮಾಡುವುದಿಲ್ಲ. ರೆಕ್ಕೆ ಬಂದ ಮೇಲೆ ರಾತ್ರಿ ಹಾರಿ ಮರದ ಸುಳಿಗೆ ಹೋಗುತ್ತದೆ. ಮರಕ್ಕೆ ಹಾನಿ ಮಾಡುವುದು ಬೆಳೆದ ದುಂಬಿ ಮಾತ್ರ. ಸುಳಿ ಕೊರೆದು ಅಲ್ಲಿನ ರಸ ಹೀರುತ್ತದೆ, ಅಗಿದ ನಾರನ್ನು ಹೊರಗೆ ದೂಡುತ್ತದೆ.

ಕೆಂಪುಮೂತಿಯ ಬದುಕು ಇದಕ್ಕೆ ಪೂರ್ತಿ ಉಲ್ಟಾ. ಹೆಣ್ಣು ತನ್ನ ಮೂತಿಯಿಂದ ಮರದ ಮೆತ್ತಗಿನ ಭಾಗದಲ್ಲಿ ತೂತು ಮಾಡಿ ಮೊಟ್ಟೆ ಇಡುತ್ತದೆ. ಮೊದಲೇ ಗಾಯ ಇದ್ದರೆ ಅದಕ್ಕೆ ಇನ್ನೂ ಸುಲಭ. ಕೆಲವೇ ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಕಾಲೇ ಇಲ್ಲದ, ಬಿಳಿ ಹಳದಿ ಬಣ್ಣದ ಮರಿಗಳು ಕಾಂಡದ ಒಳಗೇ ತಿನ್ನುತ್ತಾ ಸುರಂಗ ಮಾಡುತ್ತಾ ಹೋಗುತ್ತವೆ. ಬೆಳೆದ ಮೇಲೆ ತೆಂಗಿನ ನಾರಿನಿಂದಲೇ ಗೂಡು ಸುತ್ತಿಕೊಂಡು ಕೋಶವಾಗುತ್ತವೆ. ದುಂಬಿಯಾಗಿ ಹೊರಬಂದು ಮತ್ತೆ ಅದೇ ಮರದಲ್ಲಿ ಮೊಟ್ಟೆ ಇಡುವುದೂ ಉಂಟು. ಮೊಟ್ಟೆ, ಮರಿ, ಗೂಡು, ದುಂಬಿ ನಾಲ್ಕೂ ಒಂದೇ ಮರದಲ್ಲಿ ಒಟ್ಟಿಗೆ ಸಿಗುತ್ತವೆ. ಇಲ್ಲಿ ಮರ ಕೊಲ್ಲುವುದು ಮರಿ, ದುಂಬಿ ಅಲ್ಲ.

ಹಾಗಾಗಿ ಕುರುವಾಯಿಯನ್ನು ಹುಡುಕುವವರು ನೆಲ ನೋಡಬೇಕು, ಗೊಬ್ಬರದ ಗುಂಡಿ ಕೆದಕಬೇಕು. ಕೆಂಪುಮೂತಿಯನ್ನು ಹುಡುಕುವವರು ಮರವನ್ನೇ ನೋಡಬೇಕು.

ಗೊಬ್ಬರದ ಗುಂಡಿಯಲ್ಲಿ ಸಿಗುವ ಬಿಳಿ ಹುಳ ಎಲ್ಲ ಕುರುವಾಯಿಯ ಮರಿಯಾ?

ಅಲ್ಲ. ಕುರುವಾಯಿ ಮರಿ ಅರ್ಧಚಂದ್ರದ ಹಾಗೆ ಬಾಗಿ ಮಲಗಿರುತ್ತದೆ. ಕಂದು ತಲೆ, ಎದೆಯ ಹತ್ತಿರ ಮೂರು ಜೊತೆ ಕಾಲು. ಪೂರ್ತಿ ಬೆಳೆದದ್ದು ಹೆಬ್ಬೆರಳಿನಷ್ಟು ದಪ್ಪ ಇರುತ್ತದೆ. ಇದೇ ತರಹ ಕಾಣುವ, ಗಾತ್ರದಲ್ಲಿ ಸಣ್ಣದಾದ ಬೇರೆ ಮರಿಗಳೂ ಗೊಬ್ಬರದಲ್ಲಿ ಇರುತ್ತವೆ. ಹೂವಿಗೆ ಬರುವ ದುಂಬಿಗಳ ಮರಿಗಳನ್ನು ಸಿಮೆಂಟ್ ನೆಲದ ಮೇಲೆ ಬಿಟ್ಟು ನೋಡಿ. ಅವು ಮಗುಚಿ ಬೆನ್ನ ಮೇಲೆ ತೆವಳುತ್ತಾ ಹೋಗುತ್ತವೆ. ನೋಡಲು ತುಂಬಾ ಚೆಂದ. ಅವು ಕೊಳೆತ ಕಸ ತಿಂದು ಗೊಬ್ಬರ ಹುಡಿ ಮಾಡಿ ಕೊಡುತ್ತವೆ. ದಯವಿಟ್ಟು ಅವನ್ನು ಕೊಲ್ಲಬೇಡಿ.

ಅಡಿಕೆ ತೋಟದ ಮಣ್ಣಿನಲ್ಲಿ ಸಿಗುವ ಬೇರುಹುಳ ಮತ್ತೊಂದು ಜಾತಿ. ಅದು ಜೀವಂತ ಬೇರನ್ನೇ ತಿನ್ನುತ್ತದೆ. ಅದರ ಕಥೆ ಬೇರೆ, ಇಲ್ಲಿ ಬೇಡ.

ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತಿವೆ. ಕೂಡಲೇ ಮದ್ದು ಹಾಕಬೇಕಾ?

ಅದು ಕುರುವಾಯಿಯ ಗುರುತು. ಸುಳಿಯೊಳಗೆ ಗರಿ ಮಡಿಸಿಕೊಂಡು ಇರುವಾಗ ದುಂಬಿ ಅಡ್ಡಕ್ಕೆ ಕೊರೆಯುತ್ತದೆ. ಆಮೇಲೆ ಗರಿ ಬಿಚ್ಚಿಕೊಂಡಾಗ ಎರಡೂ ಬದಿಯಲ್ಲಿ ಒಂದೇ ತರಹದ ಮೂಲೆ ಮೂಲೆ ಕತ್ತರಿಕೆ ಕಾಣುತ್ತದೆ.

ಆದರೆ ಗಮನಿಸಿ, ಇದು ಹಳೆಯ ಗಾಯ. ತೆಂಗು ವರ್ಷಕ್ಕೆ ಸುಮಾರು 12 ಗರಿ ಬಿಡುತ್ತದೆ, ಅಂದರೆ ತಿಂಗಳಿಗೆ ಒಂದು. ಇವತ್ತು ಮೇಲಿನಿಂದ ಮೂರನೇ ಗರಿಯಲ್ಲಿ ಕತ್ತರಿಕೆ ಕಂಡರೆ ಆ ದುಂಬಿ ಕೆಲವು ತಿಂಗಳ ಹಿಂದೆ ಬಂದು ಹೋಗಿದೆ. ಈಗ ಅಲ್ಲಿ ಮದ್ದು ಸುರಿದು ಪ್ರಯೋಜನ ಇಲ್ಲ. ದುಂಬಿ ಈಗಲೂ ಇದೆಯಾ ಅಂತ ತಿಳಿಯಬೇಕಾದರೆ ಸುಳಿಯ ಬುಡ ನೋಡಬೇಕು. ತೂತು ಇದ್ದು, ಅದರಿಂದ ಹಸಿ ನಾರು ಹೊರಗೆ ಬಂದಿದ್ದರೆ ದುಂಬಿ ಒಳಗೇ ಕೂತಿದೆ.

ಗರಿ ಮಾತ್ರವಲ್ಲ, ಬಿಚ್ಚದ ಹೊಂಬಾಳೆಯನ್ನೂ ಇದು ಕೊರೆಯುತ್ತದೆ. ಆ ಹೊಂಬಾಳೆ ಒಣಗಿದರೆ ಒಂದು ಗೊನೆ ಕಾಯಿ ಹೋಯಿತು ಅಂತಲೇ ಲೆಕ್ಕ.

ಕೆಂಪುಮೂತಿ ಬಂದಿದೆ ಅಂತ ಹೇಗೆ ತಿಳಿಯುತ್ತದೆ?

ಕಷ್ಟದ ಪ್ರಶ್ನೆ. ಒಳಗೆ ಎಲ್ಲ ತಿಂದು ಮುಗಿಸುವವರೆಗೂ ಮರ ಹೊರಗಿನಿಂದ ಹಸಿರಾಗಿಯೇ ಇರುತ್ತದೆ. ನಡುವಿನ ಗರಿಗಳು ಬಾಡಿ, ತಲೆ ಒಂದು ಬದಿಗೆ ವಾಲಿತು ಅಂದರೆ ಸಾಮಾನ್ಯವಾಗಿ ಕೈಮೀರಿದೆ.

ಅದಕ್ಕಿಂತ ಮೊದಲೇ ಸಿಗುವ ಗುರುತುಗಳು ಇವೆ. ಕಾಂಡದಲ್ಲಿ ಸಣ್ಣ ತೂತು, ಅದರಿಂದ ಕಂದು ಬಣ್ಣದ ಅಂಟು ರಸ ಇಳಿದಿರುವುದು. ತೂತಿನ ಬಾಯಲ್ಲಿ ಅಗಿದ ನಾರು. ಹುಳಿ ಬಂದ ಕಳ್ಳಿನಂತಹ ವಾಸನೆ. ಮಡಲಿನ ಬುಡದಲ್ಲಿ ನಾರಿನ ಗೂಡುಗಳು. ಇನ್ನೊಂದು, ಸುತ್ತ ಸದ್ದಿಲ್ಲದ ಹೊತ್ತಿನಲ್ಲಿ ಕಾಂಡಕ್ಕೆ ಕಿವಿ ಇಟ್ಟು ಕೇಳಿ. ಮರಿಗಳು ತಿನ್ನುವ ಕರಕರ ಸದ್ದು ಕೇಳುತ್ತದೆ. ಸುಮ್ನೆ ಹೇಳುವ ಮಾತಲ್ಲ, ತಜ್ಞರೂ ಈ ಸದ್ದನ್ನು ಯಂತ್ರ ಇಟ್ಟು ಕೇಳುತ್ತಾರೆ.

ಕಾಯಿ ಕೀಳಲು ಮರ ಹತ್ತುವವರಿಗೆ ಇದೆಲ್ಲ ನಮಗಿಂತ ಮೊದಲು ಕಣ್ಣಿಗೆ ಬೀಳುತ್ತದೆ. "ಅಣ್ಣ, ಸುಳಿಯ ಬುಡ ಒಮ್ಮೆ ನೋಡಿ ಹೇಳಿ" ಅಂತ ಪ್ರತಿ ಸಲ ಕೇಳಿ. ಅದಕ್ಕೆ ಸ್ವಲ್ಪ ಜಾಸ್ತಿ ಸಂಬಳ ಕೊಟ್ಟರೂ ನಷ್ಟ ಇಲ್ಲ. ಮರವನ್ನು ಹತ್ತಿರದಿಂದ ನೋಡುವುದು ಅವರೊಬ್ಬರೇ.

ಕುರುವಾಯಿ ಬಂದರೆ ಹಿಂದೆಯೇ ಕೆಂಪುಮೂತಿ ಬರುತ್ತದೆ ಅನ್ನುತ್ತಾರೆ. ನಿಜವಾ?

ನಿಜ. ಗಾಯವಾದ ತೆಂಗಿನಿಂದ ಬರುವ ವಾಸನೆ ಕೆಂಪುಮೂತಿಯನ್ನು ಕರೆಯುತ್ತದೆ. ಕುರುವಾಯಿ ಕೊರೆದ ತೂತು ಅದಕ್ಕೆ ತೆರೆದಿಟ್ಟ ದಾರಿ. ಮಳೆಗಾಲದಲ್ಲಿ ಅದೇ ತೂತಿಗೆ ನೀರು ಇಳಿದು ಸುಳಿಕೊಳೆ ರೋಗವೂ ಬರಬಹುದು. ಕೊಳೆತ ಸುಳಿಗೂ ಕೆಂಪುಮೂತಿ ಬರುತ್ತದೆ.

ತೆಂಗಿನ ಮರದ ರಚನೆಯೇ ಹಾಗೆ. ಮಾವು, ಹಲಸಿಗೆ ಗಾಯವಾದರೆ ಹೊಸ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡಕ್ಕೆ ಆ ಶಕ್ತಿ ಇಲ್ಲ. ಒಮ್ಮೆ ಬಿದ್ದ ತೂತು ಮರ ಇರುವವರೆಗೂ ತೂತೇ. ಮೇಲಾಗಿ ಇಡೀ ಮರಕ್ಕೆ ಬೆಳೆಯುವ ತುದಿ ಒಂದೇ. ಅದು ಸತ್ತರೆ ಪಕ್ಕದಿಂದ ಚಿಗುರುವ ಮಾತೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕೆಂಪುಮೂತಿಗೆ ಮದ್ದು ಹುಡುಕುವ ಮೊದಲು ಕುರುವಾಯಿಯನ್ನು ಹಿಡಿತದಲ್ಲಿ ಇಡಿ. ಮರಕ್ಕೆ ಬೀಳುವ ಗಾಯ ಕಡಿಮೆಯಾದಷ್ಟೂ ಕೆಂಪುಮೂತಿಗೆ ಒಳಗೆ ಬರುವ ದಾರಿ ಕಡಿಮೆ.

ಯಾವ ವಯಸ್ಸಿನ ಮರಕ್ಕೆ ಅಪಾಯ ಜಾಸ್ತಿ?

ಕುರುವಾಯಿ ಎಲ್ಲ ವಯಸ್ಸಿನ ತೆಂಗಿಗೂ ಬರುತ್ತದೆ. ದೊಡ್ಡ ಮರ ತಡೆದುಕೊಳ್ಳುತ್ತದೆ, ಇಳುವರಿ ಕಡಿಮೆಯಾಗುತ್ತದೆ ಅಷ್ಟೆ. ಎಳೆ ಸಸಿಯಲ್ಲಿ ದುಂಬಿ ಸೀದಾ ಬೆಳೆಯುವ ತುದಿಯವರೆಗೆ ಕೊರೆದರೆ ಸಸಿ ಸಾಯುತ್ತದೆ. ಕೆಂಪುಮೂತಿಗೆ ಹೆಚ್ಚಾಗಿ ಬಲಿಯಾಗುವುದು 5ರಿಂದ 20 ವರ್ಷದ ಮರಗಳು. ಚೆನ್ನಾಗಿ ಕಾಯಿ ಕೊಡಲು ಶುರು ಮಾಡುವ ಹೊತ್ತಿನಲ್ಲೇ ಮರ ಹೋಗುತ್ತದೆ. ಅದನ್ನು ನೋಡುವುದು ಬಹಳ ಸಂಕಟ.

ಕುರುವಾಯಿ ತಡೆಯಲು ಮನೆಯಲ್ಲೇ ಏನು ಮಾಡಬಹುದು?

ಸುಳಿಯಲ್ಲಿ ದುಂಬಿ ಕೂತಿದ್ದರೆ ಕಬ್ಬಿಣದ ಕೊಕ್ಕೆ ಹಾಕಿ ಎಳೆದು ತೆಗೆಯುವುದು ಹಳೆಯ ಕ್ರಮ. ಇವತ್ತಿಗೂ ಅದೇ ಒಳ್ಳೆಯದು. ತೆಗೆದ ಮೇಲೆ ತೂತು ಹಾಗೇ ಬಿಡಬೇಡಿ. ಬೇವಿನ ಹಿಂಡಿ ಮತ್ತು ಮರಳು ಬೆರೆಸಿ ತುಂಬಿ.

ದುಂಬಿ ಬರುವ ಮೊದಲೇ ಮಾಡಬೇಕಾದದ್ದು ಇದು. 250 ಗ್ರಾಂ ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ, ಮೇಲಿನ ಎರಡು ಮೂರು ಮಡಲಿನ ಬುಡದ ಸಂದಿಗೆ ಹಾಕಿ. ವರ್ಷಕ್ಕೆ ಮೂರು ಸಲ, ಅದರಲ್ಲಿ ಒಂದು ಸಲ ಮಳೆಗಾಲ ಹಿಡಿಯುವ ಮೊದಲು. ಜೂನ್‌ನಿಂದ ಸೆಪ್ಟೆಂಬರ್ ತನಕ ದುಂಬಿಗಳ ಹಾರಾಟ ಹೆಚ್ಚು. ಆ ರಾತ್ರಿಗಳಲ್ಲಿ ಜಗಲಿಯ ದೀಪಕ್ಕೆ ಬಂದು ಬೀಳುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಕೈಗೆ ಎಟುಕುವ ಎಳೆ ಸಸಿಗಳಿಗೆ ಮೂರು ನಾಲ್ಕು ನುಸಿಗುಳಿಗೆಯನ್ನು ಸುಳಿಯ ಹತ್ತಿರದ ಸಂದಿನಲ್ಲಿ ಇಟ್ಟು ಮೇಲೆ ಮರಳು ಮುಚ್ಚಬಹುದು. 45 ದಿನಕ್ಕೊಮ್ಮೆ ಬದಲಿಸಬೇಕು. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಹಳೆ ಮೀನಿನ ಬಲೆ ಕಟ್ಟುವುದರಿಂದ ಪ್ರಯೋಜನ ಇದೆಯಾ?

ಇದೆ. ಮಲ್ಪೆ, ಮಂಗಳೂರು ಬಂದರಿನ ಹತ್ತಿರ ಹರಿದ ನೈಲಾನ್ ಬಲೆಗೆ ಬರ ಇಲ್ಲ. ಸಣ್ಣ ಕಣ್ಣಿನ ಬಲೆಯ ತುಂಡನ್ನು ಸುಳಿಯ ಸುತ್ತ, ಮಡಲಿನ ಬುಡದ ಸಂದುಗಳಲ್ಲಿ ಸಡಿಲವಾಗಿ ತುರುಕಿಡಬೇಕು. ಸುಳಿಗೆ ತೆವಳುವ ಕುರುವಾಯಿಯ ಮುಳ್ಳುಗಾಲು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕೇರಳದಲ್ಲೂ, ದೂರದ ಗ್ವಾಮ್ ದ್ವೀಪದಲ್ಲೂ ಜನ ಈ ಉಪಾಯ ಮಾಡುತ್ತಾರೆ. ಬಿಗಿಯಾಗಿ ಕಟ್ಟಿದರೆ ಹೊಸ ಗರಿಗೆ ತೊಂದರೆ. ಗರಿ ಬೆಳೆದ ಹಾಗೆ ಬಲೆಯನ್ನು ಬಿಡಿಸಿ ಮತ್ತೆ ಹಾಕುತ್ತಾ ಇರಬೇಕು.

ಗೊಬ್ಬರದ ಗುಂಡಿಗೆ ವಿಷ ಹಾಕಿದರೆ ಮುಗಿಯಿತಲ್ವಾ?

ಹಾಕಬೇಡಿ. ಆ ಗೊಬ್ಬರ ನಾಳೆ ಬಸಳೆ ಬುಡಕ್ಕೆ, ಮಲ್ಲಿಗೆ ಗಿಡಕ್ಕೆ ಹೋಗುವಂಥದ್ದು. ಅದಕ್ಕಿಂತ ಒಳ್ಳೆಯ ದಾರಿ ಇದೆ. ಮೆಟರೈಜಿಯಂ ಅನ್ನುವ ಶಿಲೀಂಧ್ರ ಕುರುವಾಯಿ ಮರಿಗೆ ರೋಗ ಬರಿಸುತ್ತದೆ. ರೋಗ ಬಂದ ಮರಿ ಗಟ್ಟಿಯಾಗಿ ಸತ್ತು, ಮೈಮೇಲೆ ಹಸಿರು ಹುಡಿ ಬರುತ್ತದೆ. ಆ ಹುಡಿಯಿಂದ ಉಳಿದ ಮರಿಗಳಿಗೂ ರೋಗ ಹರಡುತ್ತದೆ. ತೇವ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ, ನಮ್ಮ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ ಕಾಲ. ಹಾಗೆಯೇ ಗುಂಡಿಯ ಗೊಬ್ಬರವನ್ನು ಆಗಾಗ ಮಗುಚಿ ಹಾಕಿ. ಮರಿಗಳು ಮೇಲೆ ಬಂದರೆ ಕೋಳಿಗಳು ಬಿಡುವುದಿಲ್ಲ.

ಇದಲ್ಲದೆ ಈ ದುಂಬಿಗೇ ಬರುವ ಒಂದು ವೈರಸ್ ಇದೆ. 1960ರ ದಶಕದಲ್ಲಿ ಮಲೇಷ್ಯಾದಲ್ಲಿ ಪತ್ತೆಯಾಯಿತು. ಅದರ ಹಿಂದಿನ ಕಥೆ ಸ್ವಾರಸ್ಯದ್ದು. ಕುರುವಾಯಿಯ ಮೂಲ ನಮ್ಮ ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾ. 1909ರಲ್ಲಿ ಸಿಲೋನಿನಿಂದ ಹೋದ ರಬ್ಬರ್ ಗಿಡಗಳ ಜೊತೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ತಲುಪಿತು. ಅಲ್ಲಿ ಅದನ್ನು ಕಾಡುವ ರೋಗವೇ ಇರಲಿಲ್ಲ, ತೆಂಗಿನ ತೋಟಗಳು ಹಾಳಾದವು. ಆಮೇಲೆ ಈ ವೈರಸ್ ಬಿಟ್ಟು ಹತೋಟಿಗೆ ತಂದರು. ನಮ್ಮ ಮಂಗಳೂರಿನ ಹಳೆ ಬಂದರಿನಿಂದ ಸರಕು ಹೋಗುವ ಲಕ್ಷದ್ವೀಪದಲ್ಲಿ, ಮಿನಿಕಾಯ್‌ನಲ್ಲಿಯೂ 1980ರ ದಶಕದಲ್ಲಿ ಇದನ್ನು ಬಿಟ್ಟು ಒಳ್ಳೆಯ ಫಲ ಕಂಡಿದ್ದಾರೆ. ಆದರೆ 2007ರಲ್ಲಿ ಗ್ವಾಮ್‌ಗೆ, 2013ರಲ್ಲಿ ಹವಾಯಿಗೆ ತಲುಪಿದ ಕುರುವಾಯಿ ತಳಿಗೆ ಹಳೆಯ ವೈರಸ್ ತಾಗುತ್ತಿಲ್ಲ ಅನ್ನುವುದು ಈಗಿನ ಚಿಂತೆ.

ಕೆಂಪುಮೂತಿ ಬಂದ ಮರ ಉಳಿಸಬಹುದಾ?

ಬೇಗ ಗೊತ್ತಾದರೆ ಉಳಿಸಬಹುದು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು ಮಾಡುವ ಮದ್ದುಗಳಲ್ಲಿ ಇಮಿಡಾಕ್ಲೋಪ್ರಿಡ್ ಒಂದು. ಲೀಟರ್ ನೀರಿಗೆ 1 ಮಿಲಿಲೀಟರ್. ಕಾಂಡದ ತೂತುಗಳನ್ನು ಸಿಮೆಂಟ್ ಹಾಕಿ ಮುಚ್ಚಬೇಕು. ಅವುಗಳಿಗಿಂತ ಮೇಲೆ ಇಳಿಜಾರಾಗಿ ಒಂದು ತೂತು ಕೊರೆದು, ಆಲಿಕೆಯಲ್ಲಿ ಮದ್ದು ಹೊಯ್ದು ಅದನ್ನೂ ಮುಚ್ಚಬೇಕು. ಸುಳಿಗೆ ಬಂದಿದ್ದರೆ ಕೊಳೆತದ್ದನ್ನು ತೆಗೆದು ಅಲ್ಲಿಗೇ ಹೊಯ್ಯಬೇಕು.

ದಯವಿಟ್ಟು ಈ ಕೆಲಸವನ್ನು ತಿಳಿದವರಿಂದಲೇ ಮಾಡಿಸಿ. ಇದು ವಿಷ. ನಮ್ಮಲ್ಲಿ ತೆಂಗಿನ ಬುಡಕ್ಕೂ ಬಾವಿಗೂ ನಾಲ್ಕು ಹೆಜ್ಜೆ ದೂರ ಇರುವುದಿಲ್ಲ. ಮೊದಲೇ ಬೆಳೆದ ಕಾಯಿ, ಬೊಂಡ ಎಲ್ಲ ಇಳಿಸಿ. ಆಮೇಲೆ ಎಷ್ಟು ದಿನ ಆ ಮರದ ಬೊಂಡ ಕುಡಿಯಬಾರದು ಅಂತ ಕೇಳಿ ತಿಳಿದುಕೊಳ್ಳಿ.

ತಲೆ ವಾಲಿದ ಮರದ ಮೇಲೆ ದುಡ್ಡು ಸುರಿಯಬೇಡಿ. ಕಡಿದು, ಕಾಂಡ ಸೀಳಿ, ಸುಟ್ಟು ಬಿಡಿ. ಕಡಿದು ಹಾಗೇ ಬದಿಗೆ ಹಾಕಿದರೆ ಒಳಗಿನ ಗೂಡುಗಳಿಂದ ದುಂಬಿಗಳು ಹೊರಬಂದು ಪಕ್ಕದ ಮರಕ್ಕೆ ಹೋಗುತ್ತವೆ. ಅದೇ ಕಾಂಡ ಕೊಳೆತ ಮೇಲೆ ಕುರುವಾಯಿಗೆ ಮೊಟ್ಟೆ ಇಡುವ ಜಾಗ.

ವಾಸನೆಯಿಂದ ದುಂಬಿಯನ್ನು ಸೆಳೆದು ಹಿಡಿಯುವ ಮೋಹಕ ಬಲೆ ಎರಡಕ್ಕೂ ಒಂದೇನಾ?

ಬೇರೆ ಬೇರೆ. ಎರಡು ಜಾತಿಯಲ್ಲೂ ಗಂಡು ದುಂಬಿ ಒಂದು ವಾಸನೆ ಬಿಡುತ್ತದೆ, ಅದಕ್ಕೆ ಗಂಡು ಹೆಣ್ಣು ಎರಡೂ ಬರುತ್ತವೆ. ಆದರೆ ಕುರುವಾಯಿಯ ವಾಸನೆಗೆ ಕೆಂಪುಮೂತಿ ಬರುವುದಿಲ್ಲ. ಬಲೆಯಲ್ಲಿ ಇಡುವ ಆ ವಾಸನೆಯ ವಸ್ತುವಿಗೆ ಲೂರ್ ಅನ್ನುತ್ತಾರೆ. ಅದನ್ನು ಕೊಳ್ಳುವಾಗ ಯಾವುದಕ್ಕೆ ಅಂತ ಹೇಳಿಯೇ ತೆಗೆದುಕೊಳ್ಳಿ. ಕೆಂಪುಮೂತಿಯ ಬಲೆಗೆ ಲೂರ್ ಜೊತೆ ಹುಳಿ ಬರುವ ತಿಂಡಿಯೂ ಬೇಕು. ಕಳಿತ ಬಾಳೆಹಣ್ಣು, ಅನಾನಸು, ಕಬ್ಬು ಯಾವುದಾದರೂ ಆಗುತ್ತದೆ. ವಾರಕ್ಕೊಮ್ಮೆ ಬದಲಿಸಬೇಕು.

ಬಲೆಯನ್ನು ತೆಂಗಿನ ಮರಕ್ಕೇ ಕಟ್ಟಬೇಡಿ. ಬಂದ ದುಂಬಿ ಬಲೆಗೆ ಬೀಳದೆ ಮರಕ್ಕೆ ಹೋಗಬಹುದು. ತೋಟದ ಅಂಚಿನಲ್ಲಿ ಕಂಬಕ್ಕೆ ಕಟ್ಟಿ. ಐದು ಸೆಂಟ್ಸ್ ಜಾಗದಲ್ಲಿ ಒಬ್ಬರೇ ಬಲೆ ಇಟ್ಟರೆ ಊರಿನ ದುಂಬಿಯನ್ನೆಲ್ಲ ಮನೆಗೆ ಕರೆದ ಹಾಗಾಗುತ್ತದೆ. ನೆರೆಕರೆಯವರು ಮಾತಾಡಿಕೊಂಡು ಒಟ್ಟಿಗೆ ಇಡುವುದೇ ಸರಿ.

ಕೋಲಕ್ಕೆ, ಮದುವೆ ಚಪ್ಪರಕ್ಕೆ ಎಳೆ ಗರಿ ಕಡಿಯಬಹುದಾ?

ದೈವದ ಕೆಲಸಕ್ಕೆ ಎಳೆ ಗರಿ ಬೇಕೇ ಬೇಕು, ಬೇಡ ಅನ್ನುವ ಮಾತಿಲ್ಲ. ಆದರೆ ಒಂದೇ ಮರದಿಂದ ಮತ್ತೆ ಮತ್ತೆ ತೆಗೆಯಬೇಡಿ. ಕಡಿದ ಜಾಗಕ್ಕೆ ಬೇವಿನ ಹಿಂಡಿ, ಮರಳು ಹಾಕಿ. ಹಸಿ ಮಡಲು ಕಡಿಯಬೇಕಾದರೆ ಕಾಂಡದಿಂದ ಸುಮಾರು 120 ಸೆಂಟಿಮೀಟರ್ ಬಿಟ್ಟು ಕಡಿಯಿರಿ. ಆಗ ಕೆಂಪುಮೂತಿ ಆ ಗಾಯದಲ್ಲಿ ಮೊಟ್ಟೆ ಇಟ್ಟರೂ ಮರಿ ಕಾಂಡದವರೆಗೆ ಬರುವುದು ಕಷ್ಟ. ಮರ ಹತ್ತಲು ಕಾಂಡದಲ್ಲಿ ಮೆಟ್ಟಿಲು ಕೊಚ್ಚುವುದನ್ನಂತೂ ನಿಲ್ಲಿಸಲೇಬೇಕು.

ಅಡಿಕೆಗೂ ಬರುತ್ತವಾ?

ಬರಬಹುದು, ತೆಂಗಿನಷ್ಟು ಅಲ್ಲ. ತಾಳೆ, ಎಣ್ಣೆತಾಳೆಗೂ ಎರಡೂ ಬರುತ್ತವೆ.

ಗಲ್ಫಿನಲ್ಲಿ ಖರ್ಜೂರದ ಮರ ಸಾಯಿಸುವ ಹುಳ ಇದೇನಾ?

ಇದೇ ಕೆಂಪುಮೂತಿ. ನಮ್ಮ ಕಡೆಯ ಎಷ್ಟೋ ಮನೆಗಳಿಂದ ದುಬೈ, ಮಸ್ಕತ್‌ಗೆ ಕೆಲಸಕ್ಕೆ ಹೋದವರಿದ್ದಾರೆ, ಅವರು ಅಲ್ಲಿ ನೋಡಿ ಕೇಳುತ್ತಾರೆ. ಈ ಹುಳ 1980ರ ದಶಕದ ನಡುವಿನಲ್ಲಿ ಗಲ್ಫಿಗೆ, 1990ರ ದಶಕದಲ್ಲಿ ಈಜಿಪ್ಟ್ ಮತ್ತು ಸ್ಪೇನಿಗೆ ತಲುಪಿತು. ಹಾರಿ ಹೋದದ್ದಲ್ಲ. ಒಳಗೆ ಮರಿ ಇದ್ದ ಗಿಡಗಳನ್ನು ಜನರೇ ಸಾಗಿಸಿದ್ದು. ಬಂಗಲೆ, ಲೇಔಟ್‌ಗಳ ಅಲಂಕಾರಕ್ಕೆ ಬೇರೆ ಊರಿನಿಂದ ದೊಡ್ಡ ಖರ್ಜೂರದ ಮರ ತರಿಸುವವರು ಇದನ್ನು ನೆನಪಿಡಬೇಕು.

ಪಕ್ಕದ ಮನೆಯವರು ಮುಂಬೈಯಲ್ಲಿದ್ದಾರೆ. ಅವರ ಕಾಂಪೌಂಡಿನಲ್ಲಿ ಸತ್ತ ತೆಂಗು ನಿಂತಿದೆ. ನಮಗೆ ತೊಂದರೆಯಾ?

ತೊಂದರೆಯೇ. ಈಗ ಬೀಗ ಹಾಕಿದ ಮನೆಗಳು ಜಾಸ್ತಿ, ಮರ ಹತ್ತುವವರು ಕಡಿಮೆ. ತಲೆ ಇಲ್ಲದ ಕಾಂಡ ವರ್ಷಗಟ್ಟಲೆ ನಿಂತಿರುತ್ತದೆ, ಒಳಗೆ ಕುರುವಾಯಿ ಬೆಳೆಯುತ್ತಿರುತ್ತದೆ. ಮನೆಯವರಿಗೆ ಫೋನ್ ಮಾಡಿ ವಿಷಯ ಬಿಡಿಸಿ ಹೇಳಿ. ಹೆಚ್ಚಿನವರು ಒಪ್ಪುತ್ತಾರೆ. ಕಡಿಯುವ ಖರ್ಚಿನಲ್ಲಿ ನಾಲ್ಕು ಮನೆಯವರು ಪಾಲು ಹಾಕಿದರೂ ಒಂದು ಒಳ್ಳೆಯ ಮರದ ಬೆಲೆಗಿಂತ ಕಡಿಮೆಯೇ ಆಗುತ್ತದೆ.

ಇವು ಮನುಷ್ಯರಿಗೆ ಕಚ್ಚುತ್ತವಾ?

ಇಲ್ಲ. ವಿಷವೂ ಇಲ್ಲ. ಕುರುವಾಯಿಯ ಕಾಲಿನ ಮುಳ್ಳು ಚುಚ್ಚಬಹುದು, ಅಷ್ಟೆ.

ಹುಳ ಹಿಡಿದು ಯಾರಿಗೆ ತೋರಿಸಬೇಕು?

ದಕ್ಷಿಣ ಕನ್ನಡದವರಿಗೆ ಮಂಗಳೂರಿನ ಕಂಕನಾಡಿಯಲ್ಲಿ, ಉಡುಪಿ ಜಿಲ್ಲೆಯವರಿಗೆ ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ತೋಟಗಾರಿಕೆ ಇಲಾಖೆಯ ಕಚೇರಿ ತಾಲೂಕಿನಲ್ಲೇ ಸಿಗುತ್ತದೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ಶುರುವಾದ ಕಾಸರಗೋಡಿನ ಕೇಂದ್ರವೇ ಇವತ್ತಿನ ಸಿಪಿಸಿಆರ್‌ಐ. ಅದರ ಒಂದು ಶಾಖೆ ಬಂಟ್ವಾಳ ತಾಲೂಕಿನ ವಿಟ್ಲದಲ್ಲೂ ಇದೆ. ಹೋಗುವಾಗ ಹುಳವನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ. ಜೊತೆಗೆ ಸುಳಿಯ, ಕಾಂಡದ ತೂತಿನ, ಇಡೀ ಮರದ ಫೋಟೋ ತೆಗೆದುಕೊಳ್ಳಿ. ಹುಳ ಸಿಕ್ಕಿದ್ದು ಗೊಬ್ಬರದಲ್ಲೋ, ಸುಳಿಯಲ್ಲೋ, ಕಾಂಡದಲ್ಲೋ ಅನ್ನುವುದನ್ನು ಮೊದಲೇ ಹೇಳಿ.